ಕಲೆಹುವಳ ಹೆಸರಿನ ಹಾಡು

ಕೈಮು, ಪುನ
ಫೆಬ್ರವರಿ 9, 1937

ಎನೊಕಾ,

‘ಪ್ರೀತಿಯ ತಮ್ಮ’ ಎಂದು ಬರೆಯಲು ಕೈ ಬರಲಿಲ್ಲ. ಅದಕ್ಕೇ ಬರೀ ಹೆಸರು.

ಶನಿವಾರ ಅಕಾಯ್ ಅಂಗಡಿಗೆ ಸೀಮೆಎಣ್ಣೆಗೆ ಹೋಗಿದ್ದೆ. ಆ ಚೀನೀಯ ಹೊಸದಾಗಿ ಬ್ಯಾಟರಿ ರೇಡಿಯೊ ತರಿಸಿದ್ದಾನೆ. ಊರಿನ ಅರ್ಧ ಜನ ಅಕ್ಕಿಮೂಟೆಗಳ ಮೇಲೆ ಕೂತು ಹೊನೊಲುಲುವಿನ ಹಾಡು ಕೇಳುತ್ತಿದ್ದರು. ನನ್ನನ್ನು ಕಂಡವನೇ ಅಕಾಯ್, “ಬಾ ಬಾ ಲೊಕಾಲಿಯಾ, ನಿನ್ ತಮ್ಮ ಹಾಡ್ತಿದ್ದಾನೆ. ಏನ್ ಗಂಟ್ಲಪ್ಪ ಅವಂದು!” ಎಂದ. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಮೂಟೆಯ ಮೇಲೆ ನನಗೂ ಜಾಗ ಮಾಡಿಕೊಟ್ಟರು.

ಆಮೇಲೆ ನೀನು ಹಾಡಿದ್ದು ನನ್ನ ಹಾಡು.

ಮೊದಲ ಚರಣ ಬಂತು, ಕಪ್ಪು ಮರಳಿನದು. ಎರಡನೆಯದು ಬಂತು, ಕೇದಗೆ ಗಾಳಿಯದು. ಕೊನೆಯ ಚರಣಕ್ಕೆ ಕಾದೆ. ನಮ್ಮಲ್ಲಿ ಹೆಸರಿನ ಹಾಡು ಎಂದರೆ ಅದೇ ತಾನೇ? ಕೊನೆಯಲ್ಲಿ ‘ಇದು ಇಂಥವರ ಹಾಡು’ ಎಂದು ಹೆಸರು ಹೇಳಿ ಮುಗಿಸಬೇಕು. ಅಲ್ಲಿ ನನ್ನ ಮಗಳ ಹೆಸರಿರಬೇಕಿತ್ತು. ನೀನು ಅದನ್ನು ಕಿತ್ತು ಹಾಕಿ ‘ನನ್ನ ಪ್ರಿಯೆ’ ಎಂದು ಹಾಡಿದೆ. ಜನ ಚಪ್ಪಾಳೆ ತಟ್ಟಿದರು. ಹಾಡು ಕಟ್ಟಿದವನೂ ಎನೊಕಾನೇ ಎಂದು ರೇಡಿಯೊದವನು ಹೇಳಿದ.

ಕಲೆಹುವ ಬದುಕಿದ್ದು ಒಂದೇ ಮಳೆಗಾಲ. ದೀಕ್ಷಾಸ್ನಾನ ಕೊಡಲು ಪಾದ್ರಿಗಳು ಬರುವ ಮೊದಲೇ ಜ್ವರ ಬಂತು, ಹಾಗಾಗಿ ಚರ್ಚಿನ ಪುಸ್ತಕದಲ್ಲಿ ಅವಳ ಹೆಸರಿಲ್ಲ. ಅವಳನ್ನು ಮಲಗಿಸಿದ ಜಾಗದಲ್ಲಿ ಕಲ್ಲೂ ಇಲ್ಲ. ಅವಳ ಹೆಸರು ಇದ್ದದ್ದು ಆ ಒಂದು ಹಾಡಿನಲ್ಲಿ. ನೀನು ಸೋದರಮಾವ. ಜಗುಲಿಯಲ್ಲಿ ನನ್ನ ಪಕ್ಕ ಕೂತು, ಅತ್ತು, ಆ ಹಾಡು ಕಲಿತವನು.

ಮುಂದಿನ ಸಲ ವೇದಿಕೆ ಹತ್ತಿದಾಗ ಇದು ನನ್ನ ಅಕ್ಕ ತನ್ನ ಮಗಳು ಕಲೆಹುವಳಿಗೆ ಕಟ್ಟಿದ ಹಾಡು ಎಂದು ಹೇಳು. ಕೊನೆಯ ಚರಣವನ್ನು ಇದ್ದ ಹಾಗೆ ಹಾಡು. ಬೇರೆ ಏನೂ ಬೇಡ ನನಗೆ.

ಲೊಕಾಲಿಯಾ


ಹೊನೊಲುಲು
ಮಾರ್ಚ್ 2, 1937

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ಕೋಪ ಇಳಿದ ಮೇಲೆ ಇದನ್ನು ಓದು, ದಮ್ಮಯ್ಯ.

ನಾನು ಹಾಡುವ ಜಾಗ ನೀನು ನೋಡಿಲ್ಲ. ಹೋಟೆಲಿನ ಅಂಗಳ, ಮೇಜುಗಳು, ಹಡಗಿನಿಂದ ಇಳಿದ ಬಿಳಿಯರು, ಕೈಯಲ್ಲಿ ಗ್ಲಾಸು. ನಮ್ಮ ಭಾಷೆಯ ಒಂದಕ್ಷರ ಅವರಿಗೆ ಗೊತ್ತಿಲ್ಲ. ನಮ್ಮ ಬ್ಯಾಂಡಿನ ಯಜಮಾನ ನನ್ನನ್ನು ಪಕ್ಕಕ್ಕೆ ಕರೆದು, “ಕೊನೇಲಿ ಯಾವ್ದೋ ಹೆಸ್ರು ಬರುತ್ತಲ್ಲ, ಅದ್ಯಾರಿಗಪ್ಪ ಬೇಕು? ಪ್ರಿಯೆ ಅಂತ ಹಾಕು. ಎಲ್ರಿಗೂ ಅವರವರ ಪ್ರಿಯೆ ನೆನಪಾಗ್ತಾಳೆ” ಎಂದ. ನಾನು ಒಪ್ಪಿದೆ. ಯಾಕೆ ಗೊತ್ತಾ? ಕುಡಿದು ಕೇಕೆ ಹಾಕುವವರ ನಡುವೆ ಮಗುವಿನ ಹೆಸರು ಎತ್ತಲು ನನಗೆ ಮನಸ್ಸಾಗಲಿಲ್ಲ. ಅದು ಮರ್ಯಾದೆಯೇ ಹೊರತು ಕಳ್ಳತನ ಅಲ್ಲ.

ಕಟ್ಟಿದವರ ಹೆಸರು ಅಂತ ಒಂದು ಬೇಕಿತ್ತು, ನನ್ನದು ಕೊಟ್ಟೆ. ನಾನು ಹಾಡದೇ ಹೋಗಿದ್ದರೆ ಆ ಹಾಡು ನಿನ್ನ ಜಗುಲಿಯಲ್ಲೇ ಮುದುಕಿಯಾಗುತ್ತಿತ್ತು.

ಇನ್ನೊಂದು ಮಾತು. ಚೊಚ್ಚಲ ಮಗಳು ಅಂತ ನಿನ್ನನ್ನು ತಾತ ತಮ್ಮ ಮನೆಗೆ ಸಾಕಲು ಕರೆದುಕೊಂಡರು. ನಮ್ಮ ಸಂಪ್ರದಾಯ, ನಾನು ತಕರಾರು ಮಾಡುವುದಿಲ್ಲ. ಹಾಡು, ಕಥೆ, ಗಿಟಾರಿನ ತಂತಿ ಕೂಡಿಸುವ ಮನೆತನದ ಗುಟ್ಟಿನ ಶ್ರುತಿ, ಎಲ್ಲ ನಿನಗೆ ಬಂತು. ಹೀಲೊದಲ್ಲಿ ಅಪ್ಪ ಅಮ್ಮನ ಹತ್ತಿರ ಬೆಳೆದ ನನಗೆ ಏನು ಬಂತು? ರಜೆಗೆ ಬಂದಾಗ ತಾತ ಗಿಟಾರ್ ಎತ್ತಿಕೊಂಡರೆ ನನಗೆ ಬೆನ್ನು ಹಾಕಿ ಕೂರುತ್ತಿದ್ದರು. ನನಗೆ ನೆನಪಿರುವುದು ಅವರ ಬೆನ್ನು. ನೀನು ಒಂದು ಹಾಡಿಗೆ ಇಷ್ಟು ಕೂಗಾಡುತ್ತೀಯಲ್ಲ.

ಸ್ಟೀಮರಿನಲ್ಲಿ ಒಂದು ಹೂವಿನ ಬಟ್ಟೆ ಕಳಿಸಿದ್ದೇನೆ. ಹೊಲಿಸಿಕೋ.

ನಿನ್ನ ತಮ್ಮ,
ಎನೊಕಾ


ಕೈಮು
ಮಾರ್ಚ್ 20, 1937

ಎನೊಕಾ,

ಬಟ್ಟೆ ಬಂತು. ಹಂದಿಯ ಬಾನಿ ಒರೆಸಲು ಚೆನ್ನಾಗಿದೆ, ನೀರು ಬೇಗ ಹೀರುತ್ತದೆ.

ಮರ್ಯಾದೆಯಂತೆ! ಮಗುವಿನ ಹೆಸರು ಎತ್ತಲು ಸಂಕೋಚವಾದವನು ಮಗುವಿನ ಹಾಡನ್ನು ಯಾಕೆ ಎತ್ತಿದೆ? ಬೇರೆ ಹಾಡು ಇರಲಿಲ್ಲವೇ? ಪ್ರೇಮದ ಹಾಡು ಬೇಕಿದ್ದರೆ ಒಂದು ಕಟ್ಟಬೇಕಿತ್ತು. ಕಟ್ಟಲು ಬರುವುದಿಲ್ಲ ನಿನಗೆ. ಅದು ನಿನಗೂ ಗೊತ್ತು, ನನಗೂ ಗೊತ್ತು.

ತಾತ ಬೆನ್ನು ಹಾಕಿದರು ಎಂದು ಅಳುತ್ತೀಯ. ತಾತ ಯಾರಿಗೆ ಬೆನ್ನು ಹಾಕಲಿಲ್ಲ? ನಮ್ಮಲ್ಲಿ ಯಾವ ಮನೆಯವರು ತಮ್ಮ ಶ್ರುತಿಯನ್ನು ದಾರಿಯಲ್ಲಿ ಹೋಗುವವರಿಗೆ ತೋರಿಸಿದ್ದಾರೆ? ನುಡಿಸಿ ಮುಗಿಸಿದ ಕೂಡಲೇ ಬಿರಡೆ ತಿರುಗಿಸಿ ತಂತಿಗಳನ್ನೆಲ್ಲ ಸಡಿಲ ಮಾಡಿ, ಆಮೇಲೆ ಗಿಟಾರನ್ನು ಗೋಡೆಗೆ ನೇತು ಹಾಕುತ್ತಿದ್ದರು. ಮನೆಗೆ ಬಂದವರು ಮುಟ್ಟಿದರೆ ಬರೀ ಸತ್ತ ತಂತಿ. ನಾನು ಇಂದಿಗೂ ಹಾಗೆಯೇ ಮಾಡುತ್ತೇನೆ. ನಿನ್ನಂಥವರು ಹುಟ್ಟುತ್ತಾರೆ ಎಂದು ಗೊತ್ತಿದ್ದೇ ಹಿರಿಯರು ಆ ಪದ್ಧತಿ ಇಟ್ಟರು.

ಈಗ ಕೇಳು. ನಾನು ಬೇಡಿದ್ದು ಸಾಕು. ನೀನು ಎಲ್ಲಿ ನಿಂತು ನನ್ನ ಮಗಳ ಹೆಸರು ನುಂಗಿದೆಯೋ ಅಂಥದೇ ಜಾಗದಲ್ಲಿ, ಜನ ನೋಡುತ್ತಿರುವಾಗಲೇ, ನಿನ್ನ ಮುಖ ಕಪ್ಪಾಗುವಂತೆ ಮಾಡದಿದ್ದರೆ ನಾನು ತಾತನ ಕೈಯಲ್ಲಿ ಬೆಳೆದವಳೇ ಅಲ್ಲ. ಅವಸರ ಇಲ್ಲ ನನಗೆ. ಕಾಯುವುದು ನನಗೆ ಗೊತ್ತು.

ಇನ್ನು ಕಾಗದ ಬರೆಯಬೇಡ.

ಲೊಕಾಲಿಯಾ


ಹೊನೊಲುಲು
ಆಗಸ್ಟ್ 14, 1937

ಅಕ್ಕಾ,

ಬರೆಯಬೇಡ ಎಂದು ನೀನು ಹೇಳಿದ್ದೆ. ನಾನೂ ತಡೆದುಕೊಂಡಿದ್ದೆ. ಈಗ ಬರೆಯದೆ ವಿಧಿಯಿಲ್ಲ.

ಅಕ್ಟೋಬರಿನಲ್ಲಿ ಇಲ್ಲಿ ದೊಡ್ಡ ಸಂಗೀತ ಸಂಜೆ ಇಟ್ಟುಕೊಂಡಿದ್ದಾರೆ. ಹೋಟೆಲಿನ ಕುಣಿತವಲ್ಲ. ಎಲ್ಲ ದ್ವೀಪಗಳಿಂದ ಹಿರಿಯರು ಬರುತ್ತಾರೆ. ಕೊಹಾಲದಿಂದ ಎಮಲಿಯಜ್ಜಿಯನ್ನೂ ಕರೆಸುತ್ತಿದ್ದಾರೆ, ಗೊತ್ತಲ್ಲ, ತಾತನ ಜೊತೆ ದನ ಕಾಯುತ್ತಿದ್ದ ಸೊಲೊಮೋನ ನಾಹಿನು ಅವರ ಹೆಂಡತಿ. ಆ ಹಿರಿಯರ ಎದುರು ನನಗೆ ಹೂಮಾಲೆ ಹಾಕುತ್ತಾರಂತೆ. ಆ ಹಾಡಿಗಾಗಿ.

ಪೇಚಾಟ ಎಲ್ಲಿ ಬಂತೆಂದರೆ, ಬ್ಯಾಂಡ್ ಬೇಡವಂತೆ. ಹಾಡು ಹುಟ್ಟಿದ ಹಾಗೆಯೇ, ಒಂದೇ ಗಿಟಾರಿನಲ್ಲಿ, ಮನೆತನದ ಶ್ರುತಿಯಲ್ಲಿ ನುಡಿಸಬೇಕಂತೆ. “ಯಾವ ಶ್ರುತೀಲಿ ಕಟ್ಟಿದ್ರಿ?” ಎಂದು ಕೇಳಿದರು. “ನಮ್ಮ ತಾತಂದು” ಎಂದುಬಿಟ್ಟೆ. ಬಾಯಿಂದ ಬಿದ್ದ ಮೇಲೆ ಏನು ಮಾಡಲಿ? ಪೇಟೆಯವರಿಗೆ ಸಾಧಾರಣ ಶ್ರುತಿಯಲ್ಲಿ ನುಡಿಸಿ ದಾಟಿಸಿಬಿಡಬಹುದು. ಆ ಮುದುಕರ ಕಿವಿ ಹಾಗಲ್ಲ.

ನಿನ್ನ ಕಾಲಿಗೆ ಬೀಳುತ್ತೇನೆ. ನಮ್ಮ ಶ್ರುತಿ ಕೊಡು. ನಾನೂ ಆ ಮನೆಯ ಮೊಮ್ಮಗನೇ. ಹಾಡಿನ ಮೇಲೆ ನನ್ನ ಹೆಸರು ಬಿದ್ದಾಗಿದೆ, ಅದನ್ನು ಈಗ ಅಳಿಸಿದರೆ ಈ ಊರಿನಲ್ಲಿ ನನಗೆ ಯಾರೂ ಕೆಲಸ ಕೊಡುವುದಿಲ್ಲ. ಅದೊಂದು ಬಿಟ್ಟು ಬೇರೇನು ಕೇಳಿದರೂ ಮಾಡುತ್ತೇನೆ.

ಎನೊಕಾ


ಕೈಮು
ಸೆಪ್ಟೆಂಬರ್ 3, 1937

ಪ್ರೀತಿಯ ತಮ್ಮನಿಗೆ,

ನಿನ್ನ ಕಾಗದ ಬಂದ ದಿನ ತುಂಬ ಹೊತ್ತು ಕಡಲ ಹತ್ತಿರ ಕೂತಿದ್ದೆ. ಎಷ್ಟು ದಿನ ಹೀಗೆ ಹಲ್ಲು ಕಡಿಯುತ್ತ ಬದುಕುವುದು? ತಾತ ಇದ್ದಿದ್ದರೆ ಇಬ್ಬರ ಕಿವಿಯನ್ನೂ ಹಿಂಡುತ್ತಿದ್ದರು.

ಶ್ರುತಿಯನ್ನು ಬೇರೆ ಕಾಗದದಲ್ಲಿ ಬರೆದಿದ್ದೇನೆ, ಯಾವ ತಂತಿ ಎಷ್ಟು ಸಡಿಲಿಸಬೇಕು, ಯಾವುದನ್ನು ಯಾವುದಕ್ಕೆ ಕೂಡಿಸಬೇಕು, ಎಲ್ಲ. ದಪ್ಪ ತಂತಿಯಿಂದ ಶುರು ಮಾಡು. ಮೊದಮೊದಲು ಕೈಗೆ ಒಗ್ಗುವುದಿಲ್ಲ, ಹಾಡು ಬೇರೆ ಯಾರದೋ ಎನ್ನಿಸುತ್ತದೆ. ಹೆದರಬೇಡ, ಬಿಡದೆ ನುಡಿಸು. ಕಲಿತ ಮೇಲೆ ಆ ಕಾಗದ ಸುಟ್ಟುಬಿಡು. ಆ ಸಂಜೆಯವರೆಗೂ ಯಾರ ಕಿವಿಗೂ ಬೀಳಿಸಬೇಡ. ಬಾಗಿಲು ಹಾಕಿಕೊಂಡು ನುಡಿಸು, ಮುಗಿದ ಕೂಡಲೇ ಬಿರಡೆ ತಿರುಗಿಸು. ಪದ್ಧತಿ ಗೊತ್ತಲ್ಲ.

ಎಮಲಿಯಜ್ಜಿ ಬರುತ್ತಾರೆ ಎಂದೆಯಲ್ಲ, ಕೇಳಿ ಸಂತೋಷವಾಯಿತು. ಗಂಡ ಕುದುರೆಯಿಂದ ಬಿದ್ದು ತೀರಿಕೊಂಡ ಮೇಲೆ ಪಾಪ ಎಲ್ಲಿಗೂ ಹೋದವರಲ್ಲ. ಅವರನ್ನು ಮುಂದಿನ ಸಾಲಿನಲ್ಲೇ ಕೂರಿಸಲು ಹೇಳು. ಹಿಂದೆ ಕೂತರೆ ಸರಿಯಾಗಿ ಕೇಳಿಸುವುದಿಲ್ಲ. ಇದೊಂದು ನನಗಾಗಿ ಮಾಡು.

ಒಣಮೀನು ಕಳಿಸಿದ್ದೇನೆ. ಕೆಸುವಿನ ಗಡ್ಡೆ ಅರೆದ ಪೊಯಿ ಜೊತೆ ತಿನ್ನು. ಪೇಟೆಯ ಬ್ರೆಡ್ಡು ತಿಂದು ಗಂಟಲು ಕೆಡಿಸಿಕೊಳ್ಳಬೇಡ.

ನಿನ್ನ ಅಕ್ಕ,
ಲೊಕಾಲಿಯಾ


ಹೊನೊಲುಲು
ಸೆಪ್ಟೆಂಬರ್ 19, 1937

ಅಕ್ಕಾ, ನನ್ನ ಅಕ್ಕಾ,

ಏನು ಬರೆಯಲಿ! ಕೋಣೆಯ ಬಾಗಿಲು ಹಾಕಿಕೊಂಡು ತಂತಿ ಇಳಿಸಿದೆ. ಮೊದಲ ಸಲ ಎಲ್ಲ ತಂತಿಗಳನ್ನೂ ಒಟ್ಟಿಗೆ ಮೀಟಿದಾಗ ಮೈ ಜುಮ್ಮೆಂದಿತು. ಇಷ್ಟು ವರ್ಷ ನಾನು ಆ ಹಾಡನ್ನು ಬರೀ ತುಟಿಯಿಂದ ಹಾಡುತ್ತಿದ್ದೆ. ತಾತನ ಬೆನ್ನಿನ ಆಚೆ ಇದ್ದದ್ದು ಇದೇ ಏನು? ಸುಮ್ಮನೆ ಕೂತು ಅತ್ತುಬಿಟ್ಟೆ.

ನೀನು ಹೇಳಿದ್ದನ್ನೆಲ್ಲ ಮಾಡಿದ್ದೇನೆ. ಕಾಗದ ಸುಟ್ಟೆ. ಎಮಲಿಯಜ್ಜಿಗೆ ಮುಂದಿನ ಸಾಲಿನ ನಟ್ಟನಡುವಿನ ಕುರ್ಚಿ. ಸಂಜೆಯ ಕಾರ್ಯಕ್ರಮ ರೇಡಿಯೊದಲ್ಲಿ ಬರುತ್ತದೆ, ಅಕಾಯ್ ಅಂಗಡಿಗೆ ಹೋಗಿ ಕೇಳು.

ಮೀನು ಮುಗಿಯಿತು. ಇನ್ನಷ್ಟು ಕಳಿಸು.

ನಿನ್ನ ಎನೊಕಾ


ಹೊನೊಲುಲು
ಅಕ್ಟೋಬರ್ 11, 1937

ಲೊಕಾಲಿಯಾ,

ಮುಂದಿನ ಸಾಲಿನಲ್ಲಿ ಕೂರಿಸು ಎಂದೆಯಲ್ಲ. ಕೂರಿಸಿದ್ದೆ.

ಏನಾಯಿತು ಎಂದು ನೀನು ರೇಡಿಯೊದಲ್ಲಿ ಕೇಳಿರುತ್ತೀಯ. ಆದರೂ ಬರೆಯುತ್ತೇನೆ, ನಿನ್ನ ಕೆಲಸ ಎಷ್ಟು ಚೆನ್ನಾಗಿ ಆಯಿತು ಎಂದು ನಿನಗೆ ಗೊತ್ತಾಗಲಿ. ನಾನು ಕಣ್ಣು ಮುಚ್ಚಿ ನುಡಿಸುತ್ತಿದ್ದೆ. ಮೊದಲ ಚರಣ ಮುಗಿದಿತ್ತು. “ನಿಲ್ಸು!” ಎಂದು ಯಾರೋ ಕೂಗಿದರು. ಕಣ್ಣು ಬಿಟ್ಟರೆ ಎಮಲಿಯಜ್ಜಿ ಕೋಲೂರಿಕೊಂಡು ಎದ್ದು ನಿಂತಿದ್ದಾರೆ. ಮುಖವೆಲ್ಲ ನೀರು.

“ಇದು ನಮ್ಮನೆ ಶ್ರುತಿ” ಎಂದರು. “ನನ್ ಗಂಡಂದು. ಅವ್ರು ಹೋದ್ಮೇಲೆ ಈ ಭೂಮಿ ಮೇಲೆ ಯಾರೂ ನುಡಿಸಿಲ್ಲ. ಮಗಳಿಗೆ ಹೇಳ್ಕೊಡೋಕೆ ಮುಂಚೆನೇ ಹೋಗ್ಬಿಟ್ರು. ಹೆಣದ ಜೊತೆ ಹೋದದ್ದು ನಿನ್ ಕೈಗೆ ಹೇಗ್ ಬಂತೋ ಕಳ್ಳ?”

ಇಡೀ ಸಭೆ ನನ್ನನ್ನು ನೋಡುತ್ತಿತ್ತು. ಹಿಂದಿನ ಸಾಲಿನ ಮುದುಕರು ಒಬ್ಬೊಬ್ಬರೇ ಎದ್ದು ನಿಂತರು. ಹೂಮಾಲೆ ಹಿಡಿದುಕೊಂಡಿದ್ದವನು ಅದನ್ನು ಬೆನ್ನ ಹಿಂದೆ ಇಟ್ಟುಕೊಂಡ. ಆಗ ನನಗೆ ಹೊಳೆಯಿತು, ನೀನು ಮೀನು ಯಾಕೆ ಕಳಿಸಿದೆ ಎಂದು.

“ನಾನು ಕದ್ದಿಲ್ಲ ಅಜ್ಜಿ, ನನ್ನಕ್ಕ ಕೊಟ್ಟಿದ್ದು” ಎಂದೆ. ಅಜ್ಜಿ ಬಿಡಲಿಲ್ಲ. “ಹಾಡು ನಿಂದು ಅಂತೀಯ. ಶ್ರುತಿ ಅಕ್ಕ ಕೊಟ್ಲು ಅಂತೀಯ. ಶ್ರುತಿ ಗೊತ್ತಿಲ್ದೆ ಹಾಡು ಹೇಗ್ ಕಟ್ದೆ?” ಎಂದರು.

ಸಾಕ್ಷಿಗೆ ಕಾಗದ ಇಲ್ಲ. ಸುಡು ಎಂದು ನೀನು ಬರೆದಿದ್ದೆ, ನಾನು ಸುಟ್ಟಿದ್ದೆ. ಶ್ರುತಿ ನನ್ನದಲ್ಲ ಎನ್ನಬೇಕಾದರೆ ಹಾಡೂ ನನ್ನದಲ್ಲ ಎನ್ನಬೇಕಿತ್ತು. ಅಂದೆ. ಕೈಮುವಿನ ಲೊಕಾಲಿಯಾ ಕಟ್ಟಿದ್ದು, ಸತ್ತ ಮಗಳಿಗೆ ಕಟ್ಟಿದ್ದು, ನಾನು ನನ್ನ ಹೆಸರು ಹಾಕಿಕೊಂಡೆ ಎಂದು ಅಷ್ಟೂ ಜನರ ಎದುರು ಹೇಳಿದೆ.

ಅಜ್ಜಿ ಸಭೆಯ ಕಡೆಗೆ ತಿರುಗಿದರು. “ತನ್ದು ಅಂದ್ಕೊಂಡ ಹಾಡನ್ನೇ ಬಿಟ್ಕೊಟ್ಟ ಮೇಲೆ ಇವ್ನು ಸುಳ್ಳು ಹೇಳ್ತಿಲ್ಲ. ಆ ಹೆಂಗಸನ್ನ ನಾನು ನೋಡ್ಕೋತೀನಿ” ಎಂದರು. ಆಮೇಲೆ, “ಮಗೂದು ಅಂದ್ಮೇಲೆ ಅರ್ಧಕ್ಕೆ ಬಿಡ್ಬಾರ್ದು. ತಂತಿ ಮುಟ್ಬೇಡ. ಬಾಯಲ್ಲೇ ಮುಗ್ಸು” ಎಂದರು.

ಗಿಟಾರ್ ಕೆಳಗಿಟ್ಟು ಹಾಡಿದೆ. ಕೊನೆಯ ಚರಣದಲ್ಲಿ ಅವಳ ಹೆಸರು ಹೇಳಿದೆ. ಮುದುಕರೆಲ್ಲ ಒಟ್ಟಿಗೆ ಅದನ್ನು ಇನ್ನೊಮ್ಮೆ ಹಾಡಿದರು. ಕಲೆಹುವ, ಕಲೆಹುವ ಎಂದು ಆ ಸಭೆ ತುಂಬ. ಕೇಳಿದೆಯಲ್ಲ? ತೃಪ್ತಿಯಾಯಿತಲ್ಲ?

ಹೋಟೆಲಿನ ಕೆಲಸ ಹೋಯಿತು. ಹೋಗಲಿ, ಅದಕ್ಕೆ ನಾನು ಅರ್ಹ. ಆದರೆ ಒಂದು ಮಾತು ಹೇಳಬೇಕು. ನಿನ್ನ ಕಾಗದ ಬಂದಾಗಿನಿಂದ ಆ ಸಂಜೆಯವರೆಗೆ ನನ್ನಕ್ಕ ನನ್ನನ್ನು ಕ್ಷಮಿಸಿದಳು ಎಂದು ನಂಬಿ ಬದುಕಿದ್ದೆ. ಅಷ್ಟು ಸುಖ ನನಗೆ ಯಾವ ಚಪ್ಪಾಳೆಯಲ್ಲೂ ಸಿಕ್ಕಿರಲಿಲ್ಲ. ಹಾಡಿಗಿಂತ ದೊಡ್ಡದನ್ನು ಕಿತ್ತುಕೊಂಡೆ ನೀನು.

ನಮ್ಮ ಶ್ರುತಿ ಇನ್ನೂ ನನಗೆ ಗೊತ್ತಿಲ್ಲ. ಈಗಲಾದರೂ ಕೊಡುತ್ತೀಯಾ?

ಎನೊಕಾ


ಕೈಮು
ಡಿಸೆಂಬರ್ 5, 1937

ಎನೊಕಾ,

ಕೇಳಿದೆಯಲ್ಲ ಎಂದು ಬರೆದಿದ್ದೀಯ. ಇಲ್ಲ. ಕೇಳಲಿಲ್ಲ.

ಅಂದು ಅಕಾಯ್ ಅಂಗಡಿಯಲ್ಲಿ ಎಲ್ಲರಿಗಿಂತ ಮುಂದೆ ಕೂತಿದ್ದೆ. ನೀನು ಶುರು ಮಾಡಿದೆ. ಸೊಲೊಮೋನನ ಶ್ರುತಿಯಲ್ಲಿ ನನ್ನ ಹಾಡು. ತಾತ ಅದನ್ನು ನನಗೆ ಒಮ್ಮೆ ಮಾತ್ರ ನುಡಿಸಿ ತೋರಿಸಿದ್ದರು. ದನ ಕಾಯುವಾಗ ಇಬ್ಬರೂ ಒಂದೇ ಗುಡಿಸಲಿನಲ್ಲಿ ಮಲಗುತ್ತಿದ್ದರಂತೆ, ಬೇಡವೆಂದರೂ ಕಿವಿಗೆ ಬಿತ್ತಂತೆ. “ಇದು ನಮ್ದಲ್ಲ. ಯಾಕ್ ತೋರಿಸ್ತಿದ್ದೀನಿ ಅಂದ್ರೆ, ಕೈ ತಪ್ಪಿ ಕೂಡ ಇದ್ರೊಳಗೆ ಹೋಗ್ಬಾರ್ದು ಅಂತ” ಎಂದಿದ್ದರು. ಹೋಗಬಾರದೆಂದು ತೋರಿಸಿದ ಬಾಗಿಲನ್ನು ನಿನ್ನ ಮೇಲಿನ ಸಿಟ್ಟಿಗೆ ನಾನು ತೆರೆದು ಕೊಟ್ಟೆ. ಎಮಲಿಯಜ್ಜಿ ಅಳುತ್ತಾರೆ ಎಂದು ನಾನು ಲೆಕ್ಕ ಹಾಕಿರಲಿಲ್ಲ. ಬೈಯುತ್ತಾರೆ ಎಂದಷ್ಟೇ ಅಂದುಕೊಂಡಿದ್ದೆ.

“ನಿಲ್ಸು!” ಎಂಬ ಕೂಗು ಬಂತು. ನಾನು ಅಕ್ಕಿಮೂಟೆಯ ಮೇಲೆ ಕೂತೇ ಗಟ್ಟಿಯಾಗಿ ನಕ್ಕೆ. ಅಕಾಯ್ ನನ್ನನ್ನೇ ದಿಟ್ಟಿಸಿದ. ಅಷ್ಟರಲ್ಲಿ ರೇಡಿಯೊದವರು ಗಲಾಟೆ ಆಯಿತೆಂದು ಸಭೆಯನ್ನು ಕಡಿದು ಯಾವುದೋ ಕುಣಿತದ ಗ್ರಾಮಫೋನ್ ಪ್ಲೇಟು ಹಾಕಿಬಿಟ್ಟರು. ನನಗೆ ಅಷ್ಟೇ ಸಾಕಿತ್ತು. ನಗುತ್ತಲೇ ಮನೆಗೆ ಬಂದೆ, ಹಂದಿಗೆ ಎರಡು ಪಾಲು ಹಾಕಿದೆ.

ಆಮೇಲೆ ನಿನ್ನ ಕಾಗದ ಬಂತು. ನಾನು ನಗುತ್ತ ದಾರಿಯಲ್ಲಿ ಬರುತ್ತಿದ್ದ ಹೊತ್ತಿನಲ್ಲೇ ಅಲ್ಲಿ ಅಷ್ಟೂ ಜನ ನನ್ನ ಮಗಳ ಹೆಸರು ಹಾಡಿದರು ಎಂದು ಓದಿದೆ. ನಾನು ಬೇಡಿದ್ದು ಅದೊಂದೇ. ಇಡೀ ದ್ವೀಪಗಳಲ್ಲಿ ಅದನ್ನು ಕೇಳಿಸಿಕೊಳ್ಳಬೇಕಾದವಳು ನಾನೊಬ್ಬಳು. ನಾನೇ ಕೂಗಿಸಿದ ಕೂಗಿನಿಂದ ಅದು ನನಗೆ ಕೇಳಿಸಲಿಲ್ಲ. ಇದಕ್ಕೆ ನಿನ್ನನ್ನು ಬೈಯಲು ಎಷ್ಟು ಸಲ ಕೂತೆನೋ, ಬೈಗುಳ ಸಾಲಲಿಲ್ಲ. ಅದಕ್ಕೇ ಉತ್ತರ ಬರೆಯಲು ಇಷ್ಟು ತಡವಾಯಿತು.

ಹೋದ ವಾರ ಎಮಲಿಯಜ್ಜಿ ಬಂದರು. ಕೊಹಾಲದಿಂದ ಕಬ್ಬಿನ ಲಾರಿಯಲ್ಲಿ, ಮಗಳು ಹಾನಾಳ ಜೊತೆ. ನಾನು ಚಾಪೆ ಹಾಸಿದೆ. ಕೂರಲಿಲ್ಲ.

“ಯಾಕ್ ಕೊಟ್ಟೆ?” ಎಂದರು.

“ತಮ್ಮನ ಮುಖಕ್ಕೆ ಮಸಿ ಬಳಿಯೋಕೆ” ಎಂದೆ. ಸುಳ್ಳು ಹೇಳಿ ಉಪಯೋಗವಿರಲಿಲ್ಲ.

“ಬಳಿಯೋಕೆ ನನ್ ಗಂಡನ ಕೈನೇ ಬೇಕಿತ್ತಾ?”

ಅಜ್ಜಿ ಚಾಪೆಯ ಮೇಲೆ ಕೂತರು. ಹಾನಾ ತಂದಿದ್ದ ಗಿಟಾರನ್ನು ನನ್ನ ಮುಂದೆ ಇಟ್ಟರು, ಅದು ಸೊಲೊಮೋನನದು. “ನಮ್ದನ್ನ ಮೊದ್ಲು ನನ್ ಮಗಳಿಗೆ ಹೇಳ್ಕೊಡು. ಆಮೇಲೆ ನಿಮ್ದನ್ನೂ ಹೇಳ್ಕೊಡು. ನಮ್ಮನೆದು ಬೀದಿಗೆ ಬಂತು, ನಿಮ್ಮನೆದು ನಮ್ಮನೆಗೆ ಬರ್ಬೇಕು. ಅಲ್ಲಿಗೆ ಸರಿ ಹೋಯ್ತು” ಎಂದರು.

ಹೇಳಿಕೊಟ್ಟೆ. ಎರಡನ್ನೂ. ಹಾನಾಳ ಬೆರಳು ದಪ್ಪ, ಆದರೆ ಕಿವಿ ಒಳ್ಳೆಯದು. ಅಪ್ಪನ ಶ್ರುತಿ ಕೂಡಿಬಂದಾಗ ಅವಳು ತಾಯಿಯ ಮುಖ ನೋಡಿದಳು, ತಾಯಿ ಗೋಡೆಗೆ ಮುಖ ಮಾಡಿದರು. ನಮ್ಮದನ್ನು ಹೇಳಿಕೊಡುವಾಗ ನಾನು ಬೆನ್ನು ಹಾಕಲಿಲ್ಲ. ಎದುರು ಬದುರು ಕೂತು ಹೇಳಿಕೊಟ್ಟೆ.

ಹೊರಡುವಾಗ ಅಜ್ಜಿಯನ್ನು ಕೇಳಿದೆ: “ಹೆಸರು ಹಾಡಿದ್ನಾ?”

“ಹಾಡ್ದ.”

“ಹೇಗೆ ಹಾಡ್ದ?”

“ಅಳ್ತಾ ಹಾಡ್ದ. ಸೋದರಮಾವ ಅಲ್ವಾ” ಎಂದರು. ಇನ್ನೊಮ್ಮೆ ಹೇಳಿ ಎಂದೆ. ಹೇಳಿದರು. ಲಾರಿ ಹತ್ತುವವರೆಗೂ ಹೇಳಿಸಿದೆ.

ನಮ್ಮ ಶ್ರುತಿ ಕೊಡುತ್ತೀಯಾ ಎಂದು ಕೇಳಿದ್ದೀಯ. ಈಗ ಅದು ನಾಹಿನು ಮನೆಯವರಲ್ಲಿದೆ. ಬೇಕಿದ್ದರೆ ಕೊಹಾಲಕ್ಕೆ ಹೋಗಿ ಆ ಬಾಗಿಲಲ್ಲಿ ನಿಂತು ಕೇಳು. ತಾತನ ಮೊಮ್ಮಗ ಹೊರಗಿನವನ ಹಾಗೆ ನಿಂತು ಕೇಳಬೇಕು, ಅವರು ನಿನಗೆ ಬೆನ್ನು ಹಾಕಬೇಕು. ನಿನಗೆ ನಾನು ಮಾಡಬೇಕೆಂದಿದ್ದದ್ದರಲ್ಲಿ ಇದೊಂದು ಸರಿಯಾಗಿ ಆಯಿತು.

ಕ್ಷಮೆಯ ಸುಖ ಕಿತ್ತುಕೊಂಡೆ ಎಂದು ಬರೆದಿದ್ದೀಯ. ಆ ಮೀನನ್ನು ಕಟ್ಟುವಾಗ, ಒಂದು ಗಳಿಗೆ, ಒಳ್ಳೆಯದನ್ನೇ ಆರಿಸಿ ಕಟ್ಟಿದ್ದೆ. ಯಾಕೆಂದು ನನಗೂ ಗೊತ್ತಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯಬೇಡ.

ಅವರು ಹೋದ ಮೇಲೆ ನನ್ನ ಗಿಟಾರನ್ನು ಗೋಡೆಗೆ ನೇತು ಹಾಕಿದೆ. ತಂತಿ ಸಡಿಲಿಸಲಿಲ್ಲ. ಬಚ್ಚಿಡುವುದಕ್ಕೆ ಇನ್ನು ಏನಿದೆ? ನಮ್ಮ ಶ್ರುತಿಯಲ್ಲೇ ಅದು ಅಲ್ಲಿ ತೂಗುತ್ತಿದೆ, ಬಾಗಿಲು ತೆರೆದೇ ಇರುತ್ತದೆ. ಯಾರು ಬೇಕಾದರೂ ಬಂದು ಮೀಟಿ ನೋಡಲಿ.

ನೀನೊಬ್ಬ ಬರಬೇಡ.

ಕಲೆಹುವಳ ತಾಯಿ